ಐದು ವರ್ಷದ ಮಗುವಿಗೆ ಮನೆಪಾಠ: ಕಡಿಮೆಯೇ ಸಾಕು

ಐದು ತುಂಬಿದ ನಮ್ಮ ಮಗನನ್ನು ಕಳೆದ ಸೆಪ್ಟೆಂಬರಿನಲ್ಲಿ ಕಿಂಡರ್‌ಗಾರ್ಟನ್ನಿಗೆ ಕಳಿಸದೆ ಒಂದು ವರ್ಷ ಮನೆಯಲ್ಲೇ ಇಟ್ಟುಕೊಂಡೆವು. ಅಂದಿನಿಂದ ಓಲ್ಡ್ ಬ್ರಿಡ್ಜ್‌ನಲ್ಲಿ ಸಿಕ್ಕಿದವರೆಲ್ಲ ಎರಡೇ ಪ್ರಶ್ನೆ ಕೇಳುತ್ತಾರೆ: "ಇದಕ್ಕೆ ಕಾನೂನು ಒಪ್ಪುತ್ತದೆಯೆ?" "ದಿನವೆಲ್ಲ ಏನು ಕಲಿಸುತ್ತೀರಿ?" ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲಿಯೇ ಬರೆಯುತ್ತಿದ್ದೇನೆ.

ಮೊದಲನೆಯದಕ್ಕೆ ಉತ್ತರ ಸುಲಭ. ನ್ಯೂಜೆರ್ಸಿಯಲ್ಲಿ ಶಿಕ್ಷಣ ಕಡ್ಡಾಯವಾಗುವುದು 6ನೆಯ ವಯಸ್ಸಿನಿಂದ 16ರವರೆಗೆ. ಆ ವಯಸ್ಸಿನವರಿಗೂ ಶಾಲೆಗೆ ಸಮನಾದ ಪಾಠ ಬೇರೆಡೆ ದೊರೆತರೆ ಸಾಕೆಂದು ಕಾನೂನೇ ಹೇಳುತ್ತದೆ. ಪೆಕ್ವಾನಕ್‌ನ ತಾಯಿಯೊಬ್ಬರು ಮಗಳಿಗೆ ಮನೆಯಲ್ಲಿ ಪಾಠ ಹೇಳಿದ್ದಕ್ಕೆ ಮೊಕದ್ದಮೆ ಎದುರಿಸಬೇಕಾಯಿತು. ಅವರು ಶಿಕ್ಷಕಿಯ ಪರೀಕ್ಷೆ ಮುಗಿಸಿದವರಲ್ಲ. ಆದರೂ 1967ರಲ್ಲಿ ನ್ಯಾಯಾಲಯ ಅವರ ಪರವಾಗಿಯೇ ತೀರ್ಪಿತ್ತಿತು. ಸಮನಾಗಿರಬೇಕಾದದ್ದು ಪಾಠ, ಶಾಲೆಯ ಒಡನಾಟವನ್ನೂ ಮನೆಯಲ್ಲಿ ಒದಗಿಸಬೇಕಿಲ್ಲ ಎಂದಿತು.

ಎರಡನೆಯ ಪ್ರಶ್ನೆಗೆ ನಾನೇ ಮೊದಲು ತಪ್ಪು ಉತ್ತರ ಬರೆದಿದ್ದೆ. ಪ್ರಯೋಗಾಲಯದ ಅಭ್ಯಾಸಬಲ, ಏನು ಮಾಡುವುದು! ವಾರಕ್ಕೆ ಐದು ದಿನ, ದಿನಕ್ಕೆ ಆರು ಪೀರಿಯಡ್ಡು ಎಂದು ಕೋಷ್ಟಕ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದೆ. ಮೂರನೆಯ ವಾರಕ್ಕೆ ಪುಸ್ತಕ ತೆಗೆದರೆ ಸಾಕು, ಮಗ ಸೋಫಾದ ಹಿಂದೆ ಅವಿತುಕೊಳ್ಳತೊಡಗಿದ. "ನೀನು ನಡೆಸುತ್ತಿರುವುದೂ ಶಾಲೆಯೇ. ಅಲ್ಲಿಗೇ ಕಳಿಸಿದ್ದರೆ ಬಸ್ಸಾದರೂ ಬರುತ್ತಿತ್ತು" ಎಂದರು ನಮ್ಮವರು. ಮಾತು ನಾಟಿತು.

ಅವನನ್ನು ಮನೆಯಲ್ಲಿಟ್ಟುಕೊಂಡದ್ದು ಇಂಗ್ಲಿಷು, ಲೆಕ್ಕಗಳಿಗಾಗಿ ಅಲ್ಲ. ಅವನ ಅಕ್ಕ ಕಿಂಡರ್‌ಗಾರ್ಟನ್ನಿಗೆ ಹೋದ ವರ್ಷವೇ ಮನೆಯಲ್ಲೂ ಇಂಗ್ಲಿಷಿಗೆ ತಿರುಗಿಬಿಟ್ಟಳು. ಈಗ ತಿಪಟೂರಿನಿಂದ ಅಜ್ಜಿ ಫೋನು ಮಾಡಿದರೆ "ಊಟ ಆಯ್ತು, ಚೆನ್ನಾಗಿದೀನಿ" ಎಂದು ಫೋನನ್ನು ನನ್ನ ಕೈಗೆ ಕೊಡುತ್ತಾಳೆ. ಅಜ್ಜಿ ಏನೂ ಅನ್ನುವುದಿಲ್ಲ. ಅದೇ ನನಗೆ ಸಂಕಟ.

ಶಾಲೆ ಹೇಗೂ ಕಲಿಸುವುದನ್ನು ಶಾಲೆಗೇ ಬಿಡೋಣ, ಮನೆ ಮಾತ್ರ ಕೊಡಬಲ್ಲದ್ದನ್ನು ಈ ಒಂದು ವರ್ಷ ಕೊಡೋಣ ಎಂಬುದು ಈಗ ನನ್ನ ಅಭಿಪ್ರಾಯ. ಯೋಜನೆ ಒಂದು ಹಾಳೆಯಲ್ಲಿ ಮುಗಿಯುತ್ತದೆ. ಬೆಳಿಗ್ಗೆ ಒಂದು ಗಂಟೆ ಕೂತು ಕಲಿಯುವುದು. ಮಿಕ್ಕ ಹೊತ್ತು ಮನೆಗೆಲಸ, ಆಟ, ತಿರುಗಾಟ. ಎಲ್ಲವೂ ಕನ್ನಡದಲ್ಲಿ.

ಅಕ್ಷರಕ್ಕೆ ನಾವು ಕಲಿತ ಅ ಆ ಇ ಈ ಕ್ರಮ ಬಿಟ್ಟೆ. ಕರ್ನಾಟಕದ ಒಂದನೆಯ ತರಗತಿಯ ಪಾಠದಲ್ಲಿರುವಂತೆ ರ, ಗ, ಸ, ದ, ಅ ಎಂದು ಆರಂಭಿಸಿದೆ. ಮಗು 49 ಅಕ್ಷರ ಮುಗಿಯುವ ತನಕ ಕಾಯಬೇಕಿಲ್ಲ. ಈ ಐದರಲ್ಲೇ ಸರ, ಅರಸ, ಅಗಸ, ಗರಗಸ ಓದಬಹುದು. ಎರಡನೆಯ ವಾರ "ಗರಗಸ" ಓದಿದವನ ಮುಖ ನೀವು ನೋಡಬೇಕಿತ್ತು. ವಾರಕ್ಕೆ ಎರಡು ಅಕ್ಷರವಾದರೂ ಯುಗಾದಿಯ ಹೊತ್ತಿಗೆ ವರ್ಣಮಾಲೆ ಮುಗಿದು, ಬೇಸಿಗೆ ಕಾಗುಣಿತಕ್ಕೆ ಉಳಿಯುತ್ತದೆ.

ಲೆಕ್ಕಕ್ಕೂ ವಿಜ್ಞಾನಕ್ಕೂ ಇಡ್ಲಿಹಿಟ್ಟು ಸಾಕು. ಒಂದು ಲೋಟ ಉದ್ದಿಗೆ ಎರಡು ಲೋಟ ಅಕ್ಕಿ ಅಳೆಯುವವನು ಅವನೇ. ಡಿಸೆಂಬರಿನಲ್ಲಿ ರುಬ್ಬಿದ ಹಿಟ್ಟನ್ನು ಎರಡು ಪಾತ್ರೆಗೆ ಹಾಕಿ, ಒಂದನ್ನು ಅಡಿಗೆಮನೆಯ ಕಟ್ಟೆಯ ಮೇಲೂ ಇನ್ನೊಂದನ್ನು ಬರೀ ದೀಪ ಹಾಕಿದ ಅವನ್ನಿನೊಳಗೂ ಇಟ್ಟೆವು. ಕಟ್ಟೆಯ ಮೇಲಿನದು ಬೆಳಿಗ್ಗೆ ಇದ್ದಂತೆಯೇ ಇತ್ತು, ಅವನ್ನಿನದು ಉಕ್ಕಿತ್ತು. ಬೆಚ್ಚಗಿದ್ದರೆ ಹಿಟ್ಟಿನೊಳಗಿನ ಸೂಕ್ಷ್ಮಜೀವಿಗಳು ಚುರುಕಾಗಿ ಗಾಳಿಗುಳ್ಳೆ ಎಬ್ಬಿಸುತ್ತವೆ ಎಂದು ವಿವರಿಸಿದೆ. "ಅಜ್ಜೀ, ಹಿಟ್ಟು ಉಸಿರಾಡುತ್ತೆ!" ಎಂದು ಅವನು ಫೋನಿನಲ್ಲಿ ಕೂಗಿದ. ಚಳಿಗಾಲದಲ್ಲಿ ಹಿಟ್ಟಿನ ಪಾತ್ರೆಗೆ ಕಂಬಳಿ ಹೊದಿಸುತ್ತಿದ್ದ ಕಥೆಯನ್ನು ಅಜ್ಜಿ ತೆಗೆದರು. ಅಂದು ಫೋನು ನನ್ನ ಕೈಗೆ ಬರಲು ಇಪ್ಪತ್ತು ನಿಮಿಷವಾಯಿತು.

ಒಡನಾಡಿಗಳ ಕೊರತೆ ಎಂಬ ಆಕ್ಷೇಪಣೆ ಮಾತ್ರ ನಿಜವಾದದ್ದು. ಗ್ರಂಥಾಲಯಕ್ಕೆ ಹೋಗುತ್ತೇವೆ, ಚೀಸ್‌ಕ್ವೇಕ್ ಉದ್ಯಾನದ ಜೌಗಿನಲ್ಲಿ ಹಕ್ಕಿ ನೋಡುತ್ತೇವೆ. ಆದರೂ ಅಕ್ಕನ ಶಾಲೆಯ ಬಸ್ಸು ಬರುವ ಹೊತ್ತಿಗೆ ಅವನು ಕಿಟಕಿಯ ಬಳಿ ನಿಂತಿರುತ್ತಾನೆ. ಆದ್ದರಿಂದಲೇ ಒಂದು ವರ್ಷ ಸಾಕೆಂದದ್ದು. ಬರುವ ಸೆಪ್ಟೆಂಬರಿಗೆ ಅವನೂ ಶಾಲೆಗೆ. ಯಾವ ತರಗತಿಗೆ ಸೇರಿಸಿಕೊಳ್ಳುತ್ತಾರೆಂದು ಶಾಲೆಯಲ್ಲಿ ಮೊದಲೇ ವಿಚಾರಿಸಿಡುವುದು ಒಳ್ಳೆಯದು.

ಇದು ಎಲ್ಲರಿಗೂ ಆಗುವ ಮಾತಲ್ಲ. ನಾನು ಕೆಲಸವನ್ನು ವಾರಕ್ಕೆ ಮೂರು ದಿನಕ್ಕೆ ಇಳಿಸಿಕೊಂಡೆ, ಸಂಬಳವೂ ಇಳಿಯಿತು. ಆ ಮೂರು ದಿನ ನಮ್ಮವರು ಮನೆಯಿಂದ ಕೆಲಸ ಮಾಡುತ್ತಾರೆ. ಆದರೆ ಶನಿವಾರದ ಒಂದು ಗಂಟೆ, ಐದು ಅಕ್ಷರ, ಒಂದು ಪಾತ್ರೆ ಹಿಟ್ಟು ಯಾರ ಮನೆಗೂ ಭಾರವಲ್ಲ. ಸುತ್ತಮುತ್ತಲಿನ ಎರಡು ಮೂರು ಮನೆಯವರು ಸರದಿಯ ಮೇಲೆ ಮಕ್ಕಳನ್ನು ಕೂರಿಸಿಕೊಂಡರೆ ಕಿಟಕಿಯಲ್ಲಿ ನಿಲ್ಲುವ ಪ್ರಸಂಗವೂ ತಪ್ಪೀತು. ಮನಸ್ಸಿದ್ದವರು ಮುಂದಿನ ಕೂಟದಲ್ಲಿ ನನ್ನನ್ನು ಕಂಡು ಮಾತಾಡಿ. ಇಡ್ಲಿ ನಮ್ಮ ಮನೆಯದು.