ಜೋಡಿಯಾಟದ ಗುರು

ಕಳೆದ ತಿಂಗಳು ಮಳವಳ್ಳಿಯ ತಂದೆಯೊಬ್ಬರು ನಮ್ಮಲ್ಲಿಗೆ ಬಂದು ತಮ್ಮ ಸಂಕಟವನ್ನು ತೋಡಿಕೊಂಡರು. ಮಂಡ್ಯದ ಕಾಲೇಜಿನಲ್ಲಿ ಓದುವ ಮಗನಿಗೆ ಟೆನಿಸ್ ಆಟದ ಗೀಳು. ಒಬ್ಬನೇ ನಿಂತು ಗೆಲ್ಲುವವನಲ್ಲ, ಡಬಲ್ಸ್ ಆಟಕ್ಕಷ್ಟೇ ಸರಿ ಎಂದು ಯಾರೋ ಹೇಳಿದರಂತೆ. "ಅರ್ಧ ಆಟಗಾರನಾಗುವುದಕ್ಕೆ ಇಷ್ಟು ವರ್ಷ ಕಳೆಯಬೇಕೇ ಗುರುಗಳೇ?" ಎಂದರು.

ಮೈದಾನದ ವಿದ್ಯೆ ನಮ್ಮದಲ್ಲ. ಆದರೂ ಜೋಡಿಯೆಂದರೆ ಅರ್ಧವೆಂಬ ಮಾತು ಮನಸ್ಸಿಗೆ ಒಪ್ಪಲಿಲ್ಲ. ಮದ್ದೂರು ಸೀಮೆಯ ಯಾವ ರೈತನನ್ನಾದರೂ ಕೇಳಿರಿ: ನೊಗಕ್ಕೆ ಹೂಡಿದ ಎತ್ತುಗಳಲ್ಲಿ ಬಲವಾದುದು ಜೊತೆಯದರ ನಡಿಗೆಗೆ ಹೊಂದಿಕೊಳ್ಳದಿದ್ದರೆ ಸಾಲು ಸೊಟ್ಟಗಾಗುವುದು.

ನಾವು ಅವರಿಗೆ ಕೊಡಗಿನ ರೋಹನ್ ಬೋಪಣ್ಣನವರ ಕಥೆಯನ್ನು ಹೇಳಿದೆವು. ಕಾಫಿ ಬೆಳೆಗಾರರ ಮನೆಯಲ್ಲಿ ಬೆಳೆದ ಅವರು 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿಯವರೊಡನೆ ಅಮೆರಿಕ ಓಪನ್ ಅಂತಿಮ ಪಂದ್ಯವನ್ನು ಮುಟ್ಟಿ ಸೋತರು. ಎರಡು ದೇಶಗಳ ನಡುವೆ ಮಾತೇ ಕಷ್ಟವಾಗಿದ್ದಾಗ ಇವರಿಬ್ಬರು ಒಂದೇ ಬದಿಯಲ್ಲಿ ನಿಂತಿದ್ದರು! 2017ರಲ್ಲಿ ಕೆನಡಾದ ಗೇಬ್ರಿಯೇಲಾ ಡಬ್ರೋವ್ಸ್ಕಿಯವರ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. ಪುರುಷರ ಡಬಲ್ಸ್ ಕಿರೀಟ ಮಾತ್ರ ದೂರವೇ ಉಳಿಯಿತು. ಮೊಣಕಾಲಿನ ಮೃದ್ವಸ್ಥಿ ಸವೆದು ನೋವು ಕಾಡಿದಾಗ ಅವರು ಅಯ್ಯಂಗಾರ್ ಯೋಗದ ಮೊರೆಹೊಕ್ಕರು. (ಆ ಯೋಗಪದ್ಧತಿಯ ಬಿ.ಕೆ.ಎಸ್. ಅಯ್ಯಂಗಾರರು ನಮ್ಮ ಕೋಲಾರ ಜಿಲ್ಲೆಯಲ್ಲಿ ಜನಿಸಿದವರು.) 2024ರ ಜನವರಿಯಲ್ಲಿ, 43ನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯಾ ಓಪನ್ ಗೆದ್ದು ಡಬಲ್ಸ್‌ನಲ್ಲಿ ಜಗತ್ತಿನ ಒಂದನೆಯ ಸ್ಥಾನಕ್ಕೇರಿದರು. ಆ ಸ್ಥಾನವನ್ನು ಮೊದಲ ಬಾರಿಗೆ ಅಷ್ಟು ಹಿರಿಯ ವಯಸ್ಸಿನಲ್ಲಿ ಏರಿದವರು ಬೇರಿಲ್ಲ. 2025ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ನಿವೃತ್ತಿಯನ್ನು ಪ್ರಕಟಿಸಿದರು. ಅದಕ್ಕೂ ಮೊದಲೇ ಬೆಂಗಳೂರಿನಲ್ಲಿ ತಮ್ಮ ಹೆಸರಿನ ಅಕಾಡೆಮಿ ತೆರೆದು ಎಳೆಯರನ್ನು ತಿದ್ದುವ ಕೆಲಸಕ್ಕೆ ಕೈಹಾಕಿದ್ದರು. ಇಷ್ಟು ಸಲ ಸೋತು, ಇಷ್ಟು ಮಂದಿ ಜೊತೆಗಾರರಿಗೆ ಹೊಂದಿಕೊಂಡವರ ಬಳಿ ಕಲಿಯುವುದು ಆ ಮಕ್ಕಳ ಭಾಗ್ಯವೆಂದೇ ನಮ್ಮ ಅಭಿಪ್ರಾಯ.

ಕಾಲೇಜಿನ ಆಟದಲ್ಲಿ ಡಬಲ್ಸ್‌ಗೆ ಮಾನವಿಲ್ಲವೆಂದೂ ತಿಳಿಯಬಾರದು. ಅಮೆರಿಕದ ಕಾಲೇಜು ತಂಡಗಳು ಸೆಣಸುವಾಗ ಮೊದಲು ನಡೆಯುವುದೇ ಮೂರು ಡಬಲ್ಸ್ ಪಂದ್ಯ. ಅದರಲ್ಲಿ ಎರಡನ್ನು ಗೆದ್ದ ತಂಡಕ್ಕೆ ಒಂದು ಅಂಕ. ಅನಂತರ ಆರು ಸಿಂಗಲ್ಸ್, ತಲಾ ಒಂದು ಅಂಕ. ನಾಲ್ಕು ಅಂಕ ಕೂಡಿಸಿದವರಿಗೆ ಜಯ. ಯಾರನ್ನು ಯಾರ ಪಕ್ಕದಲ್ಲಿ ನಿಲ್ಲಿಸಬೇಕೆಂದು ಅರಿಯದ ತರಬೇತುದಾರನು ಮೊದಲ ಅಂಕದಲ್ಲೇ ಎಡವುವನು. ಮಹೇಶ್ ಭೂಪತಿಯವರು 1995ರಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿ ಅಲ್ಲಿನ ಕಾಲೇಜು ಡಬಲ್ಸ್ ಪ್ರಶಸ್ತಿ ಪಡೆದುದು ಈ ಪರಂಪರೆಯಲ್ಲಿಯೇ.

ಎಲ್ಲವನ್ನೂ ಕೇಳಿದ ಆ ತಂದೆಯನ್ನು, "ನಿಮ್ಮ ಮಗನ ಜೊತೆಗಾರ ಯಾರು?" ಎಂದು ವಿಚಾರಿಸಿದೆವು. ಅವರಿಗೆ ಆ ಹುಡುಗನ ಹೆಸರೇ ತಿಳಿದಿರಲಿಲ್ಲ. ಕೇಳಿಕೊಂಡು ಬರುವೆನೆಂದು ಹೇಳಿ ಮದ್ದೂರಿನ ಬಸ್ಸು ಹಿಡಿಯಲು ಎದ್ದರು.