ಎಸ್‌ಟಿಎಫ್ ಕುರಿತ ವರದಿ ಕನ್ನಡದಲ್ಲಿ ಬರಲಿ



ಕಾಡುಗಳ್ಳ ವೀರಪ್ಪನ್ ಬೇಟೆ ಬೆಂಗಳೂರಿನವರಿಗೆ ಸಿನಿಮಾ ಕಥೆ. ಕೊಳ್ಳೇಗಾಲ, ಹನೂರು ಕಡೆ ಇವತ್ತಿಗೂ ಟೀ ಅಂಗಡಿಯಲ್ಲಿ ಜಗಳ ಹತ್ತಿಸುವ ವಿಷಯ. 1992ರಲ್ಲಿ ಮೀಣ್ಯಂ ಬಳಿ ಪೊಲೀಸ್ ಅಧಿಕಾರಿಗಳಾದ ಹರಿಕೃಷ್ಣ, ಶಕೀಲ್ ಅಹಮದ್, 1993ರಲ್ಲಿ ಪಾಲಾರ್ ಸ್ಫೋಟದಲ್ಲಿ 22 ಮಂದಿ, 2002ರಲ್ಲಿ ಕಾಮಗೆರೆಯಿಂದ ಅಪಹೃತರಾದ ಮಾಜಿ ಸಚಿವ ಎಚ್. ನಾಗಪ್ಪ: ಎಲ್ಲರೂ ಅವನ ದಾಳಿ, ಅಪಹರಣಗಳಲ್ಲಿ ಜೀವ ಕಳೆದುಕೊಂಡವರು. ಎಸ್‌ಟಿಎಫ್ (ವಿಶೇಷ ಕಾರ್ಯಪಡೆ) ಬೇಕೇ ಬೇಕಿತ್ತು ಎನ್ನುವವರ ಮಾತು ತಪ್ಪಲ್ಲ. ಆದರೆ ಕಾರ್ಯಾಚರಣೆಯ ಹೆಸರಿನಲ್ಲಿ ಏಟು ತಿಂದ ಕಾಡಂಚಿನ ಬಡವರು? ಈ ದೌರ್ಜನ್ಯಗಳ ಕುರಿತು ನ್ಯಾಯಮೂರ್ತಿ ಸದಾಶಿವ ಸಮಿತಿ ನಡೆಸಿದ ವಿಚಾರಣೆ ಬಳಿಕ 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಿಸಲು ಹೇಳಿತು. ಈ ಮಾತೆತ್ತಿದರೆ ‘ನೀನೇನು ವೀರಪ್ಪನ್ ಕಡೆಯವನಾ?’ ಎನ್ನುತ್ತಾರೆ. ಅವನದೇ ಊರು ಗೋಪಿನಾಥಂ, ಅವನು ಕೊಂದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಇಂದಿಗೂ ಪೂಜಿಸುತ್ತದೆ ಎಂಬುದು ಇವರಿಗೆ ಗೊತ್ತಿಲ್ಲವೇ? ಸರ್ಕಾರ ಸದಾಶಿವ ಸಮಿತಿಯ ವರದಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಇಲ್ಲಿನ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಇಡಲಿ.

– ಓದುಗ, ಹನೂರು