ಕೋಟದ ಹಿರಿಯರ ಸಂಸಾರ

ಲೋಕಸೇವೆಗೆ ಹೊರಟವನಿಗೆ ಸಂಸಾರವು ಕಾಲಿನ ತೊಡಕೆಂದೂ, ಸಂಸಾರದಲ್ಲಿ ನಿಂತವನಿಗೆ ಲೋಕದ ಗೊಡವೆ ಸಲ್ಲದೆಂದೂ ಹೇಳುವುದು ನಮ್ಮಲ್ಲಿ ವಾಡಿಕೆಯಾಗಿದೆ. ಈ ಮಾತು ಎಷ್ಟರಮಟ್ಟಿಗೆ ದಿಟವೆಂಬುದನ್ನು ಪರೀಕ್ಷಿಸುವುದಕ್ಕೆ ಡಾ॥ ಶಿವರಾಮ ಕಾರಂತರ ಬಾಳು ಒಳ್ಳೆಯ ನಿದರ್ಶನವಾಗಿದೆ. ಅವರ ಗ್ರಂಥಗಳನ್ನು ಕುರಿತು ಬಲ್ಲವರು ಬೇಕಾದಷ್ಟು ಬರೆದಿರುವರು. ಗೃಹಸ್ಥರಿಗಾಗಿರುವ ಈ ಪುಟದಲ್ಲಿ ನಾವು ನೆನೆಯಬಯಸುವುದು ಅವರ ಮನೆಯನ್ನು.

ಈಗ ಬ್ರಹ್ಮಾವರ ತಾಲೂಕಿಗೆ ಸೇರಿರುವ ಕೋಟದಲ್ಲಿ 1902ನೆಯ ಇಸವಿ ಅಕ್ಟೋಬರ್ 10ರಂದು ಜನಿಸಿದ ಕಾರಂತರು ಕುಂದಾಪುರದಲ್ಲಿ ಹೈಸ್ಕೂಲಿನ ವಿದ್ಯಾಭ್ಯಾಸವನ್ನು ಪೂರೈಸಿ ಮಂಗಳೂರಿನ ಕಾಲೇಜನ್ನು ಸೇರಿದರು. ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು 1922ರ ಫೆಬ್ರವರಿಯಲ್ಲಿ ಅದನ್ನು ತ್ಯಜಿಸಿದರು. ಕಾರ್ನಾಡ ಸದಾಶಿವರಾಯರ ಮುಂದಾಳುತನದಲ್ಲಿ 1927ರವರೆಗೆ ಖಾದಿಯನ್ನೂ ಸ್ವದೇಶಿಯನ್ನೂ ಸಾರುತ್ತ ತಿರುಗಿದರು. ಸ್ವಾತಂತ್ರ್ಯದ ಹೋರಾಟದಲ್ಲಿ ತಾರುಣ್ಯವನ್ನು ಸವೆಯಿಸಿದ ಹಿರಿಯರ ಪಂಕ್ತಿಯಲ್ಲಿ ಅವರ ಹೆಸರೂ ಉಂಟು.

ಆದರೆ ಅವರ ಧೈರ್ಯಕ್ಕೆ ಇನ್ನೊಂದು ಪರೀಕ್ಷೆ ಮನೆಯಲ್ಲಿಯೇ ಕಾದಿದ್ದಿತು. 1936ನೆಯ ಇಸವಿ ಮೇ 6ರಂದು ಅವರು ಲೀಲಾ ಆಳ್ವರನ್ನು ವಿವಾಹವಾದರು. ವರನು ಕೋಟದ ಸಂಪ್ರದಾಯಸ್ಥ ಬ್ರಾಹ್ಮಣ ಕುಲದವನು; ವಧುವು ಬಂಟರ ಮನೆಯ ಮಗಳು. ಜಾತಿಯ ಗೆರೆಯನ್ನು ದಾಟಿದ ದಂಪತಿಗಳು ಊರವರ ಪರಿಹಾಸ್ಯಕ್ಕೆ ಗುರಿಯಾದರು. ಸಭೆಯಲ್ಲಿ ಸಮಾನತೆಯನ್ನು ನುಡಿಯುವುದು ಸುಲಭ. ಅದನ್ನು ಅಡಿಗೆಮನೆಯ ಹೊಸ್ತಿಲು ದಾಟಿಸುವುದು ಕಷ್ಟ. ಆ ಕಷ್ಟವನ್ನು ಇಬ್ಬರೂ ಸಮನಾಗಿ ಹೊತ್ತರು.

ಲೀಲಾ ಕಾರಂತರು ಬಾಲ್ಯದಲ್ಲಿ ಮರಾಠಿಯಲ್ಲಿ ಓದಿದವರು. ವಿವಾಹಾನಂತರ ಕನ್ನಡವನ್ನು ಮರಳಿ ಅಭ್ಯಾಸಮಾಡಿ, ಹರಿ ನಾರಾಯಣ ಆಪಟೆಯವರ ಪ್ರಸಿದ್ಧ ಮರಾಠಿ ಕಾದಂಬರಿಯೊಂದನ್ನು ಕನ್ನಡಕ್ಕೆ ತಂದರು. ಪತಿಯ ಗೀತನಾಟಕಗಳಲ್ಲಿ ನರ್ತಿಸಿದರು. ನಾಲ್ವರು ಮಕ್ಕಳನ್ನು ಹೆತ್ತು ಸಲಹಿದರು. ಪುತ್ತೂರಿನ ಮನೆಯಲ್ಲಿ ಕಾರಂತರು ಕಾದಂಬರಿಗಳನ್ನೂ ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನೂ ಕಟ್ಟಿದರೆಂದು ನಾವು ಓದುತ್ತೇವೆ. ಅಂಥ ಬರಹಕ್ಕೆ ಬೇಕಾದ ನಿಶ್ಚಿಂತೆಯು ತಾನಾಗಿ ಬರುವುದಿಲ್ಲ. ಮನೆಯಲ್ಲಿ ಯಾರಾದರೂ ಅದನ್ನು ದಿನದಿನವೂ ಒದಗಿಸಿಕೊಡಬೇಕು. ಗ್ರಂಥದ ಮುಖಪತ್ರದಲ್ಲಿ ಆ ಕೈಯ ಹೆಸರು ಅಚ್ಚಾಗುವುದಿಲ್ಲ.

ಸಂಸಾರದ ನಿಜವಾದ ತೂಕವು ದುಃಖಕಾಲದಲ್ಲಿ ತಿಳಿಯುವುದು. ಹಿರಿಯ ಮಗ ಹರ್ಷನು ಅಕಾಲದಲ್ಲಿ ತೀರಿಕೊಂಡನು. ಆ ಪುತ್ರಶೋಕವು ತಾಯಿಯ ಮನಸ್ಸನ್ನೇ ಕದಡಿತು. ಆಕೆಯ ಆರೋಗ್ಯವು ತೀರ ಕೆಟ್ಟಿದ್ದಾಗ, 1974ರಲ್ಲಿ, ಕುಟುಂಬವು ಪುತ್ತೂರನ್ನು ಬಿಟ್ಟು ಕೋಟದ ನೆರೆಯ ಸಾಲಿಗ್ರಾಮಕ್ಕೆ ಬಂದಿತು. 'ಮೂಕಜ್ಜಿಯ ಕನಸುಗಳು' ಕೃತಿಗೆ 1977ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯು ಬಂದುದು ಈ ವರ್ಷಗಳಲ್ಲಿಯೇ. ಪ್ರಶಸ್ತಿಯ ಸಂತೋಷವೂ ಕಾಯಿಲೆಯ ಚಿಂತೆಯೂ ಒಂದೇ ಸೂರಿನ ಕೆಳಗೆ ಇದ್ದುವು. 1986ರ ಸೆಪ್ಟೆಂಬರಿನಲ್ಲಿ ಲೀಲಾ ಕಾರಂತರು ತೀರಿಕೊಂಡರು. ಅವರ ಕೊನೆಯ ಕಾದಂಬರಿ 'ಅಂಟಿದ ಅಪರಂಜಿ'ಯು ಹೊರಬಂದುದೂ ಅದೇ ವರ್ಷ.

ಐವತ್ತು ವರ್ಷಗಳ ಸಂಗಾತಿಯನ್ನು ಕಳೆದುಕೊಂಡ ಮೇಲೂ ಆ ವೃದ್ಧರು ಲೋಕಕ್ಕೆ ಬೆನ್ನುಮಾಡಲಿಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ ಪದ್ಮಭೂಷಣವನ್ನು ಹಿಂದಿರುಗಿಸಿದ್ದ ಅವರು, 1989ರಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ, ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಲೋಕಸಭೆಯ ಚುನಾವಣೆಗೆ ನಿಂತರು. ಸೋತರು, ಆದರೆ ಸುಮ್ಮನಾಗಲಿಲ್ಲ. 1997ನೆಯ ಇಸವಿ ಡಿಸೆಂಬರ್ 9ರಂದು ಮಣಿಪಾಲದಲ್ಲಿ ಅವರ ದೇಹಾಂತವಾಯಿತು.

ಮಗಳು ಮಾಳವಿಕಾ ಮನಶ್ಶಾಸ್ತ್ರದಲ್ಲಿಯೂ, ಮಗ ಉಲ್ಲಾಸರು ಹುಲಿಗಳ ಅಧ್ಯಯನದಲ್ಲಿಯೂ ಹೆಸರು ಗಳಿಸಿದರು. ಅವರೂ ಸೋದರಿ ಕ್ಷಮಾ ಅವರೂ ಕೂಡಿ ತಂದೆತಾಯಿಗಳನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಗ್ರಂಥವು 2021ರಲ್ಲಿ ಪ್ರಕಟವಾಯಿತು. ಅದರಲ್ಲಿ ತಾಯಿಯ ನೋವನ್ನು ಅವರು ಮುಚ್ಚಿಡಲಿಲ್ಲ. ಇದು ನಮ್ಮ ಮನಸ್ಸಿಗೆ ಬಹಳವಾಗಿ ಹಿಡಿಸಿದೆ. ಮಹಾಪುರುಷರ ಮನೆಯಲ್ಲಿ ಕಣ್ಣೀರೇ ಇರಲಿಲ್ಲವೆಂದು ನಟಿಸುವುದರಿಂದ ಅವರ ಗೌರವವು ಹೆಚ್ಚುವುದಿಲ್ಲ.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಎಷ್ಟೋ ಮನೆಗಳ ಗೋಡೆಯ ಮೇಲೆ ಚಳವಳಿಯಲ್ಲಿಯೋ ದಂಡಿನಲ್ಲಿಯೋ ದುಡಿದ ಅಜ್ಜಂದಿರ ಪಟಗಳಿವೆ. ಆ ಹಿರಿಯರು ಹೊರಗಿದ್ದಾಗ ಗಂಜಿಯನ್ನು ಬೇಯಿಸಿ, ಸಾಲವನ್ನು ತೀರಿಸಿ, ಮಕ್ಕಳನ್ನು ಓದಿಸಿದವರು ಯಾರು? ಅದನ್ನು ಬಲ್ಲವರು ಇನ್ನೂ ನಿಮ್ಮ ನಡುವೆ ಇದ್ದರೆ, ಇಂದೇ ಕೇಳಿ ಬರೆದಿಡಿರಿ. ಅಜ್ಜನ ಚರಿತ್ರೆಯು ಆಗಲ್ಲದೆ ಪೂರ್ಣವಾಗದು.